ಶ್ರೀರಂಗಪಟ್ಟಣಕ್ಕೊಂದು ಸೈಕಲ್ ಪ್ರದಕ್ಷಿಣೆ

ಶ್ರೀರಂಗಪಟ್ಟಣವನ್ನು ನೀವು ನೋಡಿಯೇ ಇರುತ್ತೀರಿ. ಶಾಲೆಯ ಪ್ರವಾಸದಲ್ಲೋ, ಮದುವೆಯಾದ ಹೊಸದರಲ್ಲಿ ಮೈಸೂರು ನೋಡಲು ಬಂದಾಗಲೋ, ಬಸ್ಸು ನಿಲ್ಲಿಸಿದ ಅರ್ಧ ಗಂಟೆಯಲ್ಲಿ ರಂಗನಾಥನಿಗೆ ಕೈಮುಗಿದು, ದರಿಯಾ ದೌಲತ್ತಿನ ಗೋಡೆಯ ಚಿತ್ರಗಳನ್ನು ಕತ್ತೆತ್ತಿ ನೋಡಿ, ಗುಂಬಜಿನ ಮುಂದೆ ಫೋಟೋ ತೆಗೆಸಿಕೊಂಡು, ಸಂಗಮದಲ್ಲಿ ಪುಳಿಯೋಗರೆ ಪೊಟ್ಟಣ ಬಿಚ್ಚಿ, ಕತ್ತಲಾಗುವ ಹೊತ್ತಿಗೆ ಕನ್ನಂಬಾಡಿಯ ದೀಪ ನೋಡಲು ಓಡಿರುತ್ತೀರಿ. ಅದೇ ಊರನ್ನು ಇವತ್ತು ನಾನು ನಿಮ್ಮನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತೋರಿಸುತ್ತೇನೆ. ಜೊತೆಗೆ ಗೈಡುಗಳು ಯಾರೂ ಹೇಳದ ಒಂದು ವಿಷಯವನ್ನೂ ಹೇಳುತ್ತೇನೆ. ಈ ದ್ವೀಪದಲ್ಲಿ ಹೆಂಗಸೊಬ್ಬಳು ಅವಸರಕ್ಕೆ ಎಲ್ಲೆಲ್ಲಿ ಹೋಗಬಹುದು ಎಂಬುದನ್ನು.

ಮುಖ ಸಿಂಡರಿಸಬೇಡಿ, ಸೋದರಿಯರೇ. ಅಡಿಗೆ, ಕಸೂತಿ, ಮಕ್ಕಳ ಕೆಮ್ಮು ನೆಗಡಿಯ ಬಗ್ಗೆ ಬರೆಯುವ ಈ ಪುಟಗಳಲ್ಲಿ ಪಾಯಿಖಾನೆಯ ಮಾತು ಚೆಂದವಲ್ಲ ಅಂತ ನನಗೂ ಗೊತ್ತು. ಆದರೆ ಈ ಮಾತನ್ನು ಆಡದೆ ಇದ್ದದ್ದರಿಂದಲೇ ನಾನು ನಾಲ್ಕು ವರ್ಷ ಮನೆಯ ಹೊಸ್ತಿಲು ದಾಟದೆ ಕುಳಿತೆ. ಹಾಗೆ ಕುಳಿತವರು ನಿಮ್ಮಲ್ಲೂ ಒಬ್ಬರಿರಬಹುದು. ಅವರಿಗೋಸ್ಕರ ಸ್ವಲ್ಪ ಸಹಿಸಿಕೊಳ್ಳಿ.

ನಮ್ಮ ಮನೆ ಕೋಟೆಯೊಳಗೆ, ದೇವಸ್ಥಾನಕ್ಕೆ ಹತ್ತಿರ. 1999ರಲ್ಲಿ ಸೊಸೆಯಾಗಿ ಬಂದೆ. 2015ರ ದೀಪಾವಳಿ ಸುಮಾರಿಗೆ ಮೊದಲ ಸಲ ಮಲದಲ್ಲಿ ರಕ್ತ ಕಂಡಿತು. ಉಷ್ಣ ಆಗಿದೆ, ಮೂಲವ್ಯಾಧಿ ಇರಬೇಕು ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಮೆಂತ್ಯ ನೆನೆಹಾಕಿ ಮಜ್ಜಿಗೆಯಲ್ಲಿ ಕುಡಿದೆ. ಯಾರೋ ಹೇಳಿದ ಸೊಪ್ಪಿನ ರಸ ಕುಡಿದೆ. ಅಂಗಡಿಯಿಂದ ಮುಲಾಮು ತರಿಸಿದೆ. ಹೀಗೇ ಒಂದು ವರ್ಷ. ದಿನಕ್ಕೆ ಹತ್ತು ಹನ್ನೆರಡು ಸಲ, ರಾತ್ರಿ ನಿದ್ದೆಯಿಂದ ಎದ್ದೂ ಓಡಬೇಕು. ಓಡಿದರೆ ಬರೀ ಲೋಳೆ, ರಕ್ತ. ಐವತ್ತೆಂಟು ಕಿಲೋ ಇದ್ದವಳು ನಲವತ್ತಮೂರಕ್ಕೆ ಇಳಿದೆ. ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. 2016ರ ಕೊನೆಯಲ್ಲಿ ನಮ್ಮವರು ಹೆದರಿ ಮೈಸೂರಿಗೆ ಕರೆದುಕೊಂಡು ಹೋದರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7 ಬಂತು. ಹಿಂದಿನಿಂದ ನಳಿಗೆ ಬಿಟ್ಟು ಕರುಳಿನ ಒಳಗೆ ನೋಡಿದರು. ಅದಕ್ಕೆ ಕೊಲೊನೋಸ್ಕೋಪಿ ಅಂತಾರೆ. ಕಾಯಿಲೆಯ ಹೆಸರು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರ ಕೆಂಪಾಗಿ ಊದಿಕೊಂಡು ಹುಣ್ಣಾಗುವುದು. ನಮ್ಮನ್ನು ಕಾಯಬೇಕಾದ ಶಕ್ತಿಯೇ ತಪ್ಪಿ ನಮ್ಮ ಕರುಳಿನ ಮೇಲೆ ತಿರುಗಿ ಬೀಳುವುದಂತೆ. ಮನೆ ಕಾಯುವ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ!

ಅಂಟುರೋಗ ಅಲ್ಲ. ಖಾರ ತಿಂದದ್ದರಿಂದ ಬಂದದ್ದೂ ಅಲ್ಲ. ಪೂರ್ತಿ ಹೋಗುವುದೂ ಇಲ್ಲ. ಕೆಲವು ತಿಂಗಳು ಕೆರಳುತ್ತದೆ, ಮದ್ದಿಗೆ ತಣ್ಣಗಾಗುತ್ತದೆ, ತಣ್ಣಗಾದಾಗಲೂ ಮಾತ್ರೆ ನುಂಗುತ್ತಲೇ ಇರಬೇಕು. ಮೊದಲು ಸ್ಟೀರಾಯ್ಡ್ ಕೊಟ್ಟರು. ಮುಖ ಹುಣ್ಣಿಮೆ ಚಂದ್ರನ ಹಾಗೆ ಊದಿತು. ಅದನ್ನು ಒಮ್ಮೆಗೇ ನಿಲ್ಲಿಸುವಂತಿಲ್ಲ, ವಾರವಾರ ಇಳಿಸುತ್ತಾ ಬಂದರು. ಆಮೇಲೆ ಪ್ರತಿದಿನ ಮೆಸಲಮೈನ್ ಮಾತ್ರೆ, ಸ್ವಲ್ಪ ಕಾಲ ಕಬ್ಬಿಣಾಂಶದ್ದು, ಮೂಳೆಗೆ ಕ್ಯಾಲ್ಸಿಯಂ.

ಆ ದಿನಗಳಲ್ಲೇ, 2017ರ ಮಾರ್ಚಿನಲ್ಲಿ, ನಮ್ಮೂರಿನಲ್ಲಿ ಒಂದು ದೊಡ್ಡ ಕೆಲಸ ನಡೆಯಿತು. ಜೋಡಿ ರೈಲು ಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಮದ್ದಿನಮನೆಯನ್ನು ಒಡೆಯದೆ, ಬುಡಸಮೇತ ಎತ್ತಿ, ನೂರು ಮೀಟರಿಗೂ ಆಚೆ ಸರಿಸಿದರು. ಊರಿಗೆ ಊರೇ ನೋಡಲು ಹೋಗಿತ್ತು. ನಮ್ಮವರು ಬಂದು ಬಣ್ಣಿಸಿದ್ದನ್ನು ನಾನು ಹಾಸಿಗೆಯ ಮೇಲೆ ಕುಳಿತು ಕೇಳಿದೆ. ಇನ್ನೂರು ವರ್ಷ ನಿಂತಲ್ಲೇ ನಿಂತಿದ್ದ ಕಟ್ಟಡವೇ ಹೊರಟಿತು, ನಾನು ಹೊರಡಲಿಲ್ಲ.

ಹೊರಡಲು ಭಯ. ಕರುಳು ಕೆರಳಿದಾಗ ಅವಸರ ಬಂದರೆ ಎರಡು ನಿಮಿಷ ತಡೆಯಲಾಗದು. ಮೈಸೂರು ಇಲ್ಲಿಗೆ ಹದಿನೈದು ಹದಿನಾರು ಕಿಲೋಮೀಟರು. ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುವುದು ನನಗೆ ಕಾಶಿಯಾತ್ರೆಯಷ್ಟೇ ದೂರ. ಆಮೇಲೆ ರೈಲಿನಲ್ಲಿ ಹೋಗುವುದನ್ನು ಕಲಿತೆ. ರೈಲಿನಲ್ಲಾದರೆ ಪಾಯಿಖಾನೆ ಇರುತ್ತದಲ್ಲ! ನೆಂಟರ ಮನೆಗಂತೂ ಹೋಗುವುದನ್ನೇ ಬಿಟ್ಟೆ. ತುಮಕೂರಿನಲ್ಲಿರುವ ನನ್ನ ಅಕ್ಕ 2018ರಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಳು. "ಹೊರಗಾಗಿದ್ದೇನೆ ಕಣಕ್ಕ" ಅಂದೆ. ನಾಗರಪಂಚಮಿಗೆ ಕರೆದಾಗಲೂ ಅದೇ ನೆಪ. ಅವಳೇನು ಲೆಕ್ಕ ಇಡುವುದಿಲ್ಲವೇ? ನಿಜ ಹೇಳೋಣವೆಂದರೆ ಮನೆಯಲ್ಲಿ ಬೆಳೆದ ಮಗಳಿದ್ದಾಳೆ. ತಾಯಿಗೆ ಹೊಟ್ಟೆಯ ವಾಸಿಯಾಗದ ಕಾಯಿಲೆ ಅಂತ ನೆಂಟರಲ್ಲಿ ಹಬ್ಬಿದರೆ ನಾಳೆ ಅವಳಿಗೆ ಸಂಬಂಧ ಹೇಗೆ ಬಂದೀತು ಅಂತ ಬಾಯಿಗೆ ಬೀಗ.

2019ರಲ್ಲಿ ನಾನೊಂದು ಮೂರ್ಖತನ ಮಾಡಿದೆ. ಆರು ತಿಂಗಳಿಂದ ಚೆನ್ನಾಗಿದ್ದೆ. ಚೆನ್ನಾಗಿರುವವಳಿಗೆ ತಿಂಗಳು ತಿಂಗಳು ಇಷ್ಟು ದುಡ್ಡಿನ ಮಾತ್ರೆ ಯಾಕೆ ಅಂತ, ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟೆ. ಜೊತೆಗೆ ಮಂಡಿನೋವಿಗೆ ಅಂಗಡಿಯಿಂದ ನೋವಿನ ಗುಳಿಗೆ ತರಿಸಿ ನುಂಗಿದೆ. ಈ ಕಾಯಿಲೆಯವರಿಗೆ ಕೆಲವು ನೋವಿನ ಗುಳಿಗೆಗಳು ಕರುಳನ್ನು ಕೆರಳಿಸುತ್ತವೆ, ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು ಅಂತ ಆಮೇಲೆ ತಿಳಿಯಿತು. ಎರಡೇ ತಿಂಗಳಿಗೆ ಮೊದಲಿಗಿಂತ ಜೋರಾಗಿ ಮರಳಿತು. ಒಂಬತ್ತು ದಿನ ಆಸ್ಪತ್ರೆ. ಆ ಒಂಬತ್ತು ದಿನಗಳಲ್ಲೇ ಅಕ್ಕನ ಮಗಳ ಮದುವೆ ನಡೆದುಹೋಯಿತು. ಟೈಫಾಯ್ಡು ಅಂತ ಹೇಳಿ ಕಳಿಸಿದೆವು. ಆಮೇಲೆ ಅಕ್ಕ ಫೋನ್ ಮಾಡುವುದನ್ನೇ ನಿಲ್ಲಿಸಿದಳು.

ಇನ್ನು ಸೈಕಲ್ಲಿಗೆ ಬರೋಣ. ಕಾಯಿಲೆ ಮತ್ತೆ ತಣ್ಣಗಾದ ಮೇಲೂ ಸುಸ್ತು ಹೋಗಲಿಲ್ಲ. ಒಂದು ಕೊಡ ನೀರೆತ್ತಿದರೆ ಏದುಸಿರು. ಡಾಕ್ಟರು, "ಕರುಳು ಶಾಂತವಾಗಿರುವಾಗ ಹದವಾಗಿ ಮೈ ಆಡಿಸಿ, ಸುಸ್ತು ಕಡಿಮೆಯಾಗುತ್ತದೆ, ನಡೆಯಿರಿ" ಅಂದರು. ನಡೆದು ನೋಡಿದೆ. ಹತ್ತು ನಿಮಿಷ ಹೋದ ಮೇಲೆ ಹೊಟ್ಟೆ ಗುಡುಗಿದರೆ ವಾಪಸು ಬರಲೂ ಹತ್ತು ನಿಮಿಷ ಬೇಕು! ಅಷ್ಟು ಹೊತ್ತು ಯಾರು ತಡೆದಾರು? ಬೀದಿಯ ಕೊನೆಗೆ ಹೋಗಿ ಹೋಗಿ ಹಿಂತಿರುಗುತ್ತಿದ್ದೆ, ಗಾಣದ ಎತ್ತಿನಂತೆ. 2021ರ ಚಳಿಗಾಲದಲ್ಲಿ ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಮಗಳ ಸೈಕಲ್ಲು ಕಣ್ಣಿಗೆ ಬಿತ್ತು. ಅವಳು ಎಂಟನೇ ತರಗತಿಯಲ್ಲಿದ್ದಾಗ, 2014ರಲ್ಲಿ, ಸರ್ಕಾರದಿಂದ ಬಂದ ಸೈಕಲ್ಲು. ಅಡ್ಡ ಕಂಬಿ ಇಲ್ಲದ್ದು, ಮುಂದೊಂದು ಬುಟ್ಟಿ, ಹಿಂದೆ ಕ್ಯಾರಿಯರ್. ಆಗ ತಲೆಗೆ ಹೊಳೆಯಿತು ನೋಡಿ. ನಡೆದರೆ ಹತ್ತು ನಿಮಿಷದ ದಾರಿ, ಸೈಕಲ್ಲಿನಲ್ಲಿ ಮೂರು ನಿಮಿಷ. ಬೇರೆಯವರು ದೂರ ಹೋಗಲು ಸೈಕಲ್ ಹತ್ತುತ್ತಾರೆ, ನಾನು ಬೇಗ ಮನೆ ಸೇರಲು ಹತ್ತಿದೆ.

ಬರುತ್ತಿತ್ತೇ ಅಂತೀರಾ? ನಾಗಮಂಗಲದ ಕಡೆ ನಮ್ಮ ತವರೂರಿನಲ್ಲಿ ಗಂಟೆಗೆ ಒಂದು ರೂಪಾಯಿಗೆ ಸೈಕಲ್ ಬಾಡಿಗೆ ಕೊಡುತ್ತಿದ್ದ ಕಾಲ ಅದು. ಗಂಡಸರ ದೊಡ್ಡ ಸೈಕಲ್ಲನ್ನು ಅಕ್ಕ ಒಳಪೆಡಲು ಹೊಡೆಯುತ್ತಿದ್ದಳು, ನಾನು ಹಿಂದೆ ಕ್ಯಾರಿಯರ್ ಹಿಡಿದು ಓಡಿ, ಅದು ವೇಗ ಪಡೆದ ಮೇಲೆ ಹಾರಿ ಕೂರುತ್ತಿದ್ದೆ. ಕಲಿತದ್ದು ಮರೆಯಲಿಲ್ಲ. ಮೊದಲ ದಿನ ಗಲ್ಲಿಯಲ್ಲಿ ಎರಡು ಸಲ ಗೋಡೆ ಮುಟ್ಟಿದೆ, ಅಷ್ಟೆ.

"ಈ ವಯಸ್ಸಿನಲ್ಲಿ ಸೊಸೆ ಸೈಕಲ್ ಹೊಡೀತಾಳೆ ಅಂದ್ರೆ ಬೀದಿಯವರು ಏನಂದಾರು?" ಅಂತ ಅತ್ತೆಯವರು ಒಂದು ವಾರ ಗೊಣಗಿದರು. ಆದರೂ ಅವರ ಉಪಕಾರವನ್ನು ಇಲ್ಲಿ ಹೇಳಲೇಬೇಕು. ನಮ್ಮದು ಐದು ಜನರ ಮನೆ, ಪಾಯಿಖಾನೆ ಒಂದೇ. ಬೆಳಿಗ್ಗೆ ಐದರಿಂದ ಆರರವರೆಗೆ ಯಾರೂ ಆ ಕಡೆ ತಲೆಹಾಕಕೂಡದು, ಅದು ನನ್ನ ಹೊತ್ತು ಅಂತ ಕಟ್ಟಪ್ಪಣೆ ಮಾಡಿದವರು ಅವರೇ. ಹೊಟ್ಟೆ ಪೂರ್ತಿ ಖಾಲಿಯಾಯಿತು ಅನ್ನಿಸುವವರೆಗೂ ನಾನು ಹೊರಡುವುದಿಲ್ಲ. ಹೊರಡುವ ಮುಂಚೆ ಕಾಫಿಯನ್ನೂ ಕುಡಿಯುವುದಿಲ್ಲ. ಕಾಫಿ ಕರುಳನ್ನು ಎಬ್ಬಿಸುತ್ತದೆ. ನಮ್ಮ ಮೈಸೂರು ಸೀಮೆಯ ಹೆಂಗಸಿಗೆ ಬೆಳಗಿನ ಕಾಫಿ ಬಿಡು ಅಂದರೆ ತಾಳಿ ತೆಗೆದಿಡು ಅಂದಷ್ಟೇ ಕಷ್ಟ. ಆದರೂ ಮರಳಿ ಬಂದು ಕುಡಿಯುವ ಆ ಒಂದು ಲೋಟಕ್ಕೆ ಬೇರೆಯೇ ರುಚಿ ಬಂದಿದೆ.

ಬನ್ನಿ, ಹೊರಡೋಣ. ಆರಕ್ಕೆ ಇನ್ನೂ ಮಬ್ಬು. ಕ್ರಿ.ಶ. 894ರಷ್ಟು ಹಿಂದೆ ಗಂಗರ ಕಾಲದಲ್ಲಿ ತಿರುಮಲಯ್ಯ ಎಂಬ ಅಧಿಕಾರಿ ಕಟ್ಟಿಸಿದ್ದೆಂದು ಹೇಳುವ ನಮ್ಮ ರಂಗನಾಥನ ಗುಡಿಯ ಮುಂದೆ ಹೂವಿನವರು ಬುಟ್ಟಿ ಇಳಿಸುತ್ತಿರುತ್ತಾರೆ. ಕಾವೇರಿಯ ಮೂರು ರಂಗನಾಥರಲ್ಲಿ ಇವನೇ ಆದಿರಂಗ. ಶಿವನಸಮುದ್ರದವನು ಮಧ್ಯರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ಮೂವರೂ ಮಲಗಿದವರೇ. ನಮ್ಮವನು ಏಳುವ ಹೊತ್ತಿಗೆ ನಾನು ಅವನ ಬೀದಿ ದಾಟಿರುತ್ತೇನೆ. ಎರಡು ಮಿನಾರುಗಳ ಜುಮ್ಮಾ ಮಸೀದಿ ದಾಟಿ, ಕೋಟೆಯ ಹೊರಗೆ ಪೂರ್ವಕ್ಕೆ ತಿರುಗಿದರೆ ದಾರಿ ನೇರ. ಎದುರಿಗೆ ಸೂರ್ಯ.

ಮೊದಲು ಸಿಗುವುದು ದರಿಯಾ ದೌಲತ್. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ, ಪೂರ್ತಿ ತೇಗದ ಕಂಬಗಳು. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಹೈದರಾಲಿ, ಟಿಪ್ಪು ಆನೆ ಕುದುರೆಗಳ ಮೇಲೆ ಮೆರೆಯುತ್ತಿದ್ದರೆ, ಇಂಗ್ಲಿಷರ ಸೇನಾಪತಿ ಬೇಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಳ್ಳುತ್ತಿದ್ದಾನೆ. ಟಿಕೆಟ್ ಕೊಟ್ಟು ಒಳಗೆ ಹೋಗುವ ಜಾಗವಾದ್ದರಿಂದ ಬೆಳಗಿನ ಆರಕ್ಕೆ ಬಾಗಿಲು ಮುಚ್ಚಿರುತ್ತದೆ. ನನ್ನ ಲೆಕ್ಕದಲ್ಲಿ ಅದು ಹಗಲಿನ ಠಾಣೆ, ಬೆಳಗಿನದಲ್ಲ. ಹೀಗೇ ಪ್ರತಿಯೊಂದು ಜಾಗಕ್ಕೂ ನನ್ನದೊಂದು ಲೆಕ್ಕವಿದೆ. ನೀವು ತೋಟ, ಗೋಪುರ ನೋಡುತ್ತೀರಿ, ನಾನು ನಲ್ಲಿ ಎಲ್ಲಿದೆ, ಚಿಲಕ ಗಟ್ಟಿಯಿದೆಯೇ ನೋಡುತ್ತೇನೆ!

ಮುಂದೆ ಗಂಜಾಂ. ಟಿಪ್ಪು ಸಿರಾದಿಂದ ಕುಟುಂಬಗಳನ್ನು ತಂದು ನೆಲೆಗೊಳಿಸಿದ ಪೇಟೆ. ಒಂದು ಕಾಲಕ್ಕೆ ಇಲ್ಲಿಯ ಅಂಜೂರಕ್ಕೆ ಹೆಸರಿತ್ತು. ಅಂಜೂರವೂ ನನ್ನ ಹೊಟ್ಟೆಯೂ ಎಣ್ಣೆ ಸೀಗೇಕಾಯಿ, ಅದು ಬೇರೆ ಮಾತು. ಇಲ್ಲಿಂದ ಹೊಳೆಯ ಕಡೆಗೆ ಒಡೆಯುವ ದಾರಿ ನಿಮಿಷಾಂಬೆಯ ಗುಡಿಗೆ ಹೋಗುತ್ತದೆ. ಬೇಡಿಕೊಂಡದ್ದನ್ನು ನಿಮಿಷದಲ್ಲಿ ಕೊಡುತ್ತಾಳೆ ಅಂತ ನಂಬಿಕೆ. ಹುಣ್ಣಿಮೆ ಅಮಾವಾಸ್ಯೆಗೆ ಕಾಲಿಡಲು ಜಾಗವಿರುವುದಿಲ್ಲ. ನಾನು ತೊಂಬತ್ತು ಸಲ ಕೈಮುಗಿದು ಬೇಡಿದ್ದು ಒಂದೇ: "ತಾಯೀ, ಮನೆ ಸೇರುವ ತನಕ ನಿಮಿಷ ನಿಲ್ಲಿಸು."

ಗಂಜಾಂ ದಾಟಿದರೆ ಗುಂಬಜ್. ತಂದೆ ಹೈದರಾಲಿಗೆಂದು ಟಿಪ್ಪು ಕಟ್ಟಿಸಿದ ಸಮಾಧಿ. 1799ರಲ್ಲಿ ಅವನೂ ಅಲ್ಲೇ ಸೇರಿದ. ಸುತ್ತ ಕನ್ನಡಿಯಂತೆ ಹೊಳೆಯುವ ಕಪ್ಪು ಕಲ್ಲಿನ ಕಂಬಗಳು, ದಂತದ ಕುಸುರಿಯ ಬಾಗಿಲುಗಳು, ದಾರಿಗುಂಟ ಸೈಪ್ರಸ್ ಮರಗಳ ಸಾಲು. ಬೆಳಗಿನ ಮಂಜಿನಲ್ಲಿ ಆ ಗುಮ್ಮಟ ಕಂಡರೆ ಕಾಲು ತಾನಾಗಿ ಪೆಡಲು ನಿಲ್ಲಿಸುತ್ತದೆ. ಮೊದಲ ಎರಡು ತಿಂಗಳು ನಾನು ಇಲ್ಲಿಗೇ ಹಿಂತಿರುಗುತ್ತಿದ್ದೆ. ಹೋಗಿ ಬಂದರೆ ಸುಮಾರು ಆರು ಕಿಲೋಮೀಟರು. ಇಲ್ಲಿಂದ ಸಂಗಮದವರೆಗೆ ಎರಡೂ ಕಡೆ ಬರೀ ಗದ್ದೆ, ಕಬ್ಬು. ಅಲ್ಲಿ ಅವಸರ ಬಂದರೆ ಏನು ಗತಿ?

ಬಂದೇ ಬಂತು. 2022ರ ಜನವರಿಯಲ್ಲಿ, ಅವರೆಕಾಯಿ ಕಾಲ. ಹಿಂದಿನ ರಾತ್ರಿ ಮನೆಯಲ್ಲಿ ಹಿತಕಿದವರೆ ಸಾರು. ಘಮ ಘಮ. ನಾನು ಬೇಳೆ ಬಿಟ್ಟು ಬರೀ ರಸ ಹಾಕಿಕೊಳ್ಳೋಣ ಅಂತ ಕುಳಿತವಳು, ಅದರ ಮುಂದೆ ಎಂಥ ವೈರಾಗ್ಯ, ಎರಡು ಸೌಟು ಕಾಳು ಸಮೇತ ಹಾಕಿಕೊಂಡೆ. ಬೆಳಿಗ್ಗೆ ಏನೂ ಆಗಿಲ್ಲವೆಂಬ ಧೈರ್ಯದ ಮೇಲೆ ಮೊದಲ ಸಲ ಗುಂಬಜ್ ದಾಟಿದೆ. ಅರ್ಧ ದಾರಿಯಲ್ಲಿ ಹೊಟ್ಟೆ ಹಿಂಡಿತು. ಮುಂದೆ ಎಲ್ಲೋ ಒಂದು ಸಾರ್ವಜನಿಕ ಶೌಚಾಲಯ ಇದೆಯೆಂದು ನೋಡಿಟ್ಟುಕೊಂಡಿದ್ದೆ. ತುಳಿದೆ, ತುಳಿದೆ, ಹೋಗಿ ನೋಡಿದರೆ ಬೀಗ! ಯಾರ ಕೆಲಸ, ಯಾರ ತಪ್ಪು ಅಂತ ಬರೆಯಲು ಹೋಗುವುದಿಲ್ಲ. ಆ ಹಿತ್ತಾಳೆ ಬೀಗ ಮಾತ್ರ ಈಗಲೂ ಕನಸಿನಲ್ಲಿ ಬರುತ್ತದೆ.

ರಸ್ತೆಯ ಪಕ್ಕದ ಒಂದು ಹಂಚಿನ ಮನೆಯ ಜಗಲಿಯ ಮೇಲೆ ಅಜ್ಜಿಯೊಬ್ಬರು ಮೊರದ ತುಂಬ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದರು. ಸೈಕಲ್ಲನ್ನು ಹಾಗೇ ಕೆಡವಿ ಓಡಿದೆ. "ಅವ್ವಾ, ಹೊಟ್ಟೆ ಸರಿಯಿಲ್ಲ, ನಿಮ್ಮಲ್ಲಿ ಪಾಯಿಖಾನೆ ಇದ್ಯಾ" ಅನ್ನುವಷ್ಟರಲ್ಲಿ ಕಣ್ಣಲ್ಲಿ ನೀರು. ಅವರು ಮೊರ ಸರಿಸಿ, "ಹಿತ್ಲಾಗದೆ ಓಗವ್ವ, ನೀರು ತೊಟ್ಟಿಲದೆ" ಅಂದರು. ಹೋದೆ. ಆದರೆ ಅಷ್ಟರಲ್ಲಿ ತಡವಾಗಿತ್ತು. ನಲವತ್ತೆರಡು ವರ್ಷದ ಹೆಂಗಸು, ಕಂಡರಿಯದವರ ಹಿತ್ತಲಿನಲ್ಲಿ, ಬಟ್ಟೆ ಹಾಳುಮಾಡಿಕೊಂಡು ನಿಂತಿದ್ದೇನೆ. ಬಾಗಿಲು ತೆಗೆದು ಹೊರಗೆ ಹೇಗೆ ಬರಲಿ ಹೇಳಿ?

ಎಷ್ಟು ಹೊತ್ತು ನಿಂತೆನೋ. ಬಾಗಿಲ ಮೇಲಿನಿಂದ ಒಂದು ಹಳೆಯ ಸೀರೆ, ಒಂದು ಒಳಲಂಗ ಒಳಗೆ ಇಳಿದವು. "ಉಟ್ಕೊಂಡು ಬಾ. ಯಾರ್ಗಾಗಕಿಲ್ಲ? ನನ್ನ ಬಾಣಂತನದಾಗೆ ಆಗಿತ್ತು" ಅಂತ ಅಜ್ಜಿಯ ದನಿ. ಹೊರಗೆ ಬಂದಾಗ ಅವರು ಮತ್ತೆ ಮೊರದ ಮುಂದೆ ಕುಳಿತಿದ್ದರು. ಏನಾಯಿತೆಂದು ಕೇಳಲಿಲ್ಲ. ಒಂದು ಲೋಟ ನೀರು ಕೊಟ್ಟು, "ಒಸಿ ಕುಂತ್ಕೊ, ಕಾಯಿ ಸುಲಿ" ಅಂದರು. ನನ್ನನ್ನು ಕಾಡಿದ ಆ ಅವರೆಕಾಯಿಯನ್ನೇ ಅರ್ಧ ಗಂಟೆ ಸುಲಿದೆ! ಆ ಅರ್ಧ ಗಂಟೆಯಲ್ಲಿ, ನನ್ನ ಅಕ್ಕನಿಗೂ ಹೇಳದೆ ಮುಚ್ಚಿಟ್ಟದ್ದನ್ನೆಲ್ಲ ಅವರಿಗೆ ಹೇಳಿಬಿಟ್ಟೆ. ಮಾರನೆಯ ದಿನ ಸೀರೆ ಒಗೆದು, ಇಸ್ತ್ರಿ ಮಾಡಿ, ಒಂದು ಚಿಪ್ಪು ಬಾಳೆಹಣ್ಣಿನ ಜೊತೆ ಕೊಡಲು ಸೈಕಲ್ಲಿನಲ್ಲೇ ಹೋದೆ. ಹೋಗದಿದ್ದರೆ ಮತ್ತೆ ಎಂದೂ ಆ ಸೈಕಲ್ಲು ಹತ್ತುತ್ತಿರಲಿಲ್ಲವೇನೋ. ಈಗ ಅವರ ಮನೆ ನನ್ನ ಕಾಯಂ ಠಾಣೆ. ಹೋದಾಗೆಲ್ಲ ಏನಾದರೂ ಸುಲಿಸುತ್ತಾರೆ.

ಆವತ್ತಿನಿಂದ ಸೈಕಲ್ಲಿನ ಬುಟ್ಟಿಯಲ್ಲಿ ಒಂದು ಬಟ್ಟೆಚೀಲ ಇದ್ದೇ ಇರುತ್ತದೆ. ಒಂದು ಜೊತೆ ಒಳಉಡುಪು, ಚೂಡಿದಾರದ ಪ್ಯಾಂಟು, ಹಳೆಯ ಪಂಚೆಯ ತುಂಡು, ಒಂದು ಚೂರು ಸೋಪು, ಪ್ಲಾಸ್ಟಿಕ್ ಕವರು, ಎರಡು ಬಾಟಲು ನೀರು. ಕುಡಿಯುವ ಬಾಟಲಿಗೆ ಚಿಟಿಕೆ ಉಪ್ಪು, ಒಂದಿಷ್ಟು ಸಕ್ಕರೆ. ದುಡ್ಡು ಕೊಟ್ಟು ಹೋಗುವ ಶೌಚಾಲಯಗಳಿಗೆ ಚಿಲ್ಲರೆ. ಮಾತ್ರೆಯ ಚೀಟಿ. ವಿಚಿತ್ರವೆಂದರೆ, ಆ ಚೀಲ ಇಟ್ಟುಕೊಂಡ ಮೇಲೆ ಅದನ್ನು ಬಿಚ್ಚಬೇಕಾಗಿ ಬಂದದ್ದು ಎರಡೇ ಸಲ. ಇದೆಯಲ್ಲ ಎಂಬ ಧೈರ್ಯಕ್ಕೇ ಹೊಟ್ಟೆ ಅರ್ಧ ಸುಮ್ಮನಾಗುತ್ತದೆ.

ಸಂಗಮದಲ್ಲಿ ಕಾವೇರಿಯ ಎರಡು ಕವಲುಗಳು ಮತ್ತೆ ಒಂದಾಗುತ್ತವೆ. ಬೆಳಿಗ್ಗೆಯೇ ಅಸ್ಥಿ ಬಿಡಲು, ಪಿಂಡ ಹಾಕಲು ಜನ ಬಂದಿರುತ್ತಾರೆ. ತಲೆ ಬೋಳಿಸಿಕೊಂಡ ಗಂಡುಮಕ್ಕಳು ಒದ್ದೆ ಪಂಚೆಯಲ್ಲಿ ನಡುಗುತ್ತಿರುತ್ತಾರೆ. ಪಕ್ಕದಲ್ಲೇ ಹರಿಗೋಲಿನವರು ಪ್ರವಾಸಿಗಳನ್ನು ಕರೆಯುತ್ತಿರುತ್ತಾರೆ. ನಾನು ಮೆಟ್ಟಿಲ ಮೇಲೆ ಹತ್ತು ನಿಮಿಷ ಕುಳಿತು, ಕಾಲು ನೀರಿಗೆ ಬಿಟ್ಟು, ಹೊರಡುತ್ತೇನೆ. ಹೋಗಿ ಬಂದರೆ ಎಂಟು ಒಂಬತ್ತು ಕಿಲೋಮೀಟರು. ವಾರಕ್ಕೆ ನಾಲ್ಕು ದಿನ. ಉಳಿದ ದಿನ ನಡಿಗೆ. ಸ್ಟೀರಾಯ್ಡು ತೆಗೆದುಕೊಂಡವರ ಮೂಳೆ ಸವೆಯುತ್ತದಂತೆ, ಮೂಳೆ ಗಟ್ಟಿಯಾಗಲು ಮೈಭಾರ ಕಾಲ ಮೇಲೆ ಬೀಳಬೇಕು, ಸೈಕಲ್ಲೊಂದೇ ಸಾಲದು ಅಂದರು ಡಾಕ್ಟರು.

ಎಲ್ಲ ಸೈಕಲ್ಲಿನ ಮಹಿಮೆ ಅಂತ ಮಾತ್ರ ತಿಳಿಯಬೇಡಿ. ಕಾಯಿಲೆಯನ್ನು ಹಿಡಿದಿಟ್ಟಿರುವುದು ಮಾತ್ರೆ. ಸೈಕಲ್ಲಿನಿಂದ ಸುಸ್ತು ಇಳಿಯಿತು, ನಿದ್ದೆ ಬಂತು, ಹಸಿವಾಯಿತು. 2023ರಲ್ಲಿ ಮತ್ತೆ ಒಂದು ತಿಂಗಳು ಕೆರಳಿತು. ಆಗ ಸೈಕಲ್ಲು ಗೋಡೆಗೆ ಒರಗಿಯೇ ಇತ್ತು. ಅಂಥ ದಿನಗಳಲ್ಲಿ ನನ್ನ ಊಟ ಮೆತ್ತಗೆ ಬೆಂದ ಅನ್ನ, ಹೊಸ ಮೊಸರು, ಸಿಪ್ಪೆ ಬೀಜ ತೆಗೆದ ಹೀರೇಕಾಯಿಯೋ ಬೂದುಗುಂಬಳವೋ ಹಾಕಿದ ತಿಳಿ ಹೆಸರುಬೇಳೆ ಕಟ್ಟು. ಹಸಿ ಕೋಸಂಬರಿ, ಸೊಪ್ಪು, ಕಾಳು, ರಾಗಿಮುದ್ದೆ ಎಲ್ಲಕ್ಕೂ ರಜ. ತಣ್ಣಗಾದ ಮೇಲೆ ಒಂದೊಂದಾಗಿ ಮರಳಿ ಸೇರಿಸುತ್ತೇನೆ. ಇದು ನನ್ನ ಹೊಟ್ಟೆಯ ಲೆಕ್ಕ, ನಿಮ್ಮದು ಬೇರೆ ಇರಬಹುದು. ಹಾಲು ಕೆಲವರಿಗೆ ಆಗದು, ನನಗೆ ಆಗುತ್ತದೆ. ಒಂದು ಪುಸ್ತಕದಲ್ಲಿ ಏನು ತಿಂದೆ, ಮಾರನೆಯ ದಿನ ಹೇಗಿತ್ತು ಅಂತ ಬರೆದಿಟ್ಟರೆ ನಿಮಗೇ ತಿಳಿಯುತ್ತದೆ. ಮಲದಲ್ಲಿ ರಕ್ತ ಕಂಡರೆ, ರಾತ್ರಿ ಎದ್ದು ಓಡುವಂತಾದರೆ, ತೂಕ ಇಳಿದರೆ, ನನ್ನ ಹಾಗೆ ವರ್ಷಗಟ್ಟಲೆ ಮುಲಾಮು ಹಚ್ಚುತ್ತಾ ಕೂರದೆ ಡಾಕ್ಟರಿಗೆ ತೋರಿಸಿ. ಎಂಟು ವರ್ಷ ಕಳೆದ ಮೇಲೆ ಈ ಕಾಯಿಲೆಯವರು ಆಗಾಗ ಕರುಳಿನ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು, ಕ್ಯಾನ್ಸರಿನ ಭಯ ಸ್ವಲ್ಪ ಹೆಚ್ಚು. 2024ರ ಕೊನೆಯಲ್ಲಿ ಮಾಡಿಸಿಕೊಂಡೆ. ಸದ್ಯಕ್ಕೆ ಏನೂ ಇಲ್ಲ ಅಂದರು. ಅದಕ್ಕೆ ಮುಂಚಿನ ದಿನ ಕುಡಿಸುವ ಭೇದಿ ಔಷಧಿಯ ರುಚಿ ಮಾತ್ರ ಶತ್ರುವಿಗೂ ಬೇಡ.

ಧೈರ್ಯ ಬಂದ ಮೇಲೆ ದ್ವೀಪದ ಹೊರಗೂ ಹೋದೆ. ಒಂದು ಭಾನುವಾರ ಮಗಳ ಜೊತೆ ರಂಗನತಿಟ್ಟಿಗೆ. 1940ರಲ್ಲಿ, ಪಕ್ಷಿತಜ್ಞ ಸಲೀಂ ಅಲಿಯವರು ಮಹಾರಾಜರಿಗೆ ಹೇಳಿ ಪಕ್ಷಿಧಾಮವಾದದ್ದು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ. ಕರಿಘಟ್ಟ ಹತ್ತಲು ಹೋದದ್ದು ಮಾತ್ರ ಅರ್ಧಕ್ಕೇ ನಿಂತಿತು. ಏರಿನಲ್ಲಿ ತಳ್ಳಿಕೊಂಡು ಹೋಗುವಾಗ ಏದುಸಿರು ಬಂದು, ಕೆಳಗಿನಿಂದಲೇ ಶ್ರೀನಿವಾಸನಿಗೆ ಕೈಮುಗಿದು ಮರಳಿದೆ.

2025ರ ರಥಸಪ್ತಮಿಗೆ ನಾನೇ ಅಕ್ಕನಿಗೆ ಫೋನು ಮಾಡಿದೆ. ನಮ್ಮೂರಿನಲ್ಲಿ ಆವತ್ತು ರಂಗನಾಥನ ದೊಡ್ಡ ತೇರು. "ಬಾರಕ್ಕ" ಅಂದೆ. ಆ ಕಡೆಯಿಂದ ಮಾತಿಲ್ಲ. ಆಮೇಲೆ, "ನನ್ನ ಮಗಳ ಮದುವೆಗೆ ಬರದವಳು, ನಾನ್ಯಾಕೆ ಬರಲಿ?" ಅಂದಳು. ಆಗ ಎಲ್ಲವನ್ನೂ ಹೇಳಿದೆ. ರಕ್ತ, ನಳಿಗೆ, ಸುಳ್ಳು ಟೈಫಾಯ್ಡು, ಅಜ್ಜಿಯ ಸೀರೆ, ಎಲ್ಲ. ಅಕ್ಕ ಬೈದಳು. "ಇಷ್ಟು ವರ್ಷ ನಿನ್ನನ್ನ ಜಂಬದವಳು ಅಂದ್ಕೊಂಡಿದ್ದೆನಲ್ಲೇ" ಅಂತ ಅತ್ತಳು. ತೇರಿನ ಹಿಂದಿನ ದಿನವೇ ಬಂದಳು.

ತೇರು ಮುಗಿದ ಮಾರನೆಯ ಬೆಳಿಗ್ಗೆ ಅವಳಿಗೆ ವೆಲ್ಲೆಸ್ಲಿ ಸೇತುವೆ ತೋರಿಸಲು ಹೊರಟೆ. ಉತ್ತರದ ಕವಲಿಗೆ ಅಡ್ಡಲಾಗಿ ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ಕಟ್ಟಿ 1804ರಲ್ಲಿ ಮುಗಿಸಿದ ಕಲ್ಲಿನ ಸೇತುವೆ. ಕಮಾನುಗಳಿಲ್ಲ. ನದಿಯಲ್ಲಿ ಸಾಲಾಗಿ ನೆಟ್ಟ ಕಲ್ಲುಕಂಬಗಳ ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಚಪ್ಪಡಿ, ದೇವಸ್ಥಾನದ ಮಂಟಪ ಕಟ್ಟಿದ ಹಾಗೆ. ಎಷ್ಟೋ ಪ್ರವಾಹ ನೋಡಿದೆ.

"ಕ್ಯಾರಿಯರ್ ಮೇಲೆ ಕೂತ್ಕೊತೀಯೇನಕ್ಕ?" ಅಂದೆ ತಮಾಷೆಗೆ. ಐವತ್ತರ ಹೆಂಗಸು, ಸೀರೆಯ ಸೆರಗು ಸಿಕ್ಕಿಸಿ ಕೂತೇಬಿಟ್ಟಳು. ಹ್ಯಾಂಡಲ್ಲು ಒಂದು ಸಲ ಆ ಕಡೆ ಈ ಕಡೆ ಓಲಾಡಿತು. ಬೀದಿಯವರು ನಕ್ಕರು, ಅತ್ತೆಯವರು ಬಾಗಿಲಲ್ಲಿ ನಿಂತು, "ಬೀಳ್ಸೀಯೆ, ಜೋಪಾನ" ಅಂತ ಕೂಗಿದರು. ಇಬ್ಬರ ಭಾರ, ಕಾಲು ನೋಯುತ್ತಿತ್ತು, ಆದರೂ ತುಳಿದೆ. ಸೇತುವೆ ಕಾಣುವ ತಿರುವಿಗೆ ಬಂದಾಗ ಅಕ್ಕ ಹಿಂದಿನಿಂದ ನನ್ನ ಸೊಂಟ ತಿವಿದಳು.

"ಏನೇ?"

"ಸಕ್ಕರೆ ಕಾಯಿಲೆ ಬಂದು ಆರು ವರ್ಷ ಆಯ್ತು ಕಣೇ. ಗಂಟೆಗೊಂದು ಸಲ ಹೋಗ್ಬೇಕು. ಎಲ್ಲಿಗಾದ್ರೂ ಹೊರಟ್ರೆ ನೀರೇ ಕುಡಿಯಲ್ಲ. ಯಾರಿಗೂ ಹೇಳಿರಲಿಲ್ಲ" ಅಂದಳು. ಆಮೇಲೆ ದನಿ ತಗ್ಗಿಸಿ, "ಇಲ್ಲಿ ಹತ್ತಿರದಲ್ಲಿ ಎಲ್ಲಾದ್ರೂ ಇದೆಯೇನೇ?"

ಇತ್ತು. ನನಗೆ ಗೊತ್ತಿತ್ತು. ಸೈಕಲ್ಲು ತಿರುಗಿಸಿದೆ.